ಹ್ರಸ್ವತರಂಗದಲ್ಲಿ ಸೇನಾಸಂದೇಶಗಳ ಗುರುತಿಸುವಿಕೆ: ಕರ್ನಾಟಕದ ನೆಲೆಯಿಂದ ಒಂದು ವಿವೇಚನೆ

೧

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಒಂದು ಕಾಲದ ರೇಡಿಯೋ ಪೆಟ್ಟಿಗೆಗಳು ಇನ್ನೂ ಅಲ್ಲಲ್ಲಿ ಉಳಿದುಬಂದಿವೆ. ಅಂತಹದೊಂದು ಪೆಟ್ಟಿಗೆಯನ್ನು ದುರಸ್ತಿ ಮಾಡಿಸಿಕೊಂಡ ವಿದ್ಯಾರ್ಥಿಯೊಬ್ಬನು ಶಾರ್ಟ್‌ವೇವ್, ಎಂದರೆ ಹ್ರಸ್ವತರಂಗದ ಪಟ್ಟಿಯಲ್ಲಿ ಕೇಳಿಬಂದ ಒಂದು ವಿಚಿತ್ರ ಸದ್ದನ್ನು ನಮ್ಮ ಮುಂದಿಟ್ಟು, “ಇದು ಸೇನೆಯವರ ಗುಪ್ತಸಂದೇಶವಲ್ಲವೆ?” ಎಂದು ಕೇಳಿದನು. ಅರ್ಧ ನಿಮಿಷಕ್ಕೊಮ್ಮೆ ಎಂಬಂತೆ ಗರ್ರೆಂದು ಹುಟ್ಟಿ ತಟ್ಟನೆ ಅಡಗುತ್ತಿದ್ದ ಸದ್ದು ಅದು. ಮಾತಿಲ್ಲ, ಸಂಗೀತವಿಲ್ಲ, ಮೋರ್ಸ್ ಸಂಕೇತದ ಕಟ್ಟುಕಟ್ಟಾದ ನಾದವೂ ಇಲ್ಲ. ಪ್ರಶ್ನೆ ಎಳೆಯದೆನಿಸಿದರೂ ಅದರ ಹಿಂದಿರುವ ಪ್ರಮೇಯ ಎಳೆಯದಲ್ಲ. ಅರ್ಥವನ್ನು ಓದಲಾಗದ ಒಂದು ಸಂದೇಶವನ್ನು ಇಂಥವರದೆಂದು ಹೇಳುವುದು ಹೇಗೆ? ಹೇಳಿದುದಕ್ಕೆ ಪ್ರಮಾಣವೇನು?

ಶಾಸನ, ನಾಣ್ಯ, ಕಡತಗಳು ಕಾಲದ ಹೊಡೆತಕ್ಕೆ ಸಿಕ್ಕಿಯೂ ಏನನ್ನಾದರೂ ಉಳಿಸಿಕೊಂಡಿರುತ್ತವೆ. ರೇಡಿಯೋ ಅಲೆ ಹಾಗಲ್ಲ. ಹುಟ್ಟಿದ ಕ್ಷಣದಲ್ಲಿಯೇ ಅಳಿಯುವುದು ಅದರ ಧರ್ಮ. ಕೇಳಿ ಬರೆದಿಟ್ಟವರಿಲ್ಲದಿದ್ದರೆ ಅದು ಇದ್ದುದಕ್ಕೆ ಸಾಕ್ಷಿಯೇ ಇರದು. ಹೀಗಿದ್ದೂ ಇಪ್ಪತ್ತನೆಯ ಶತಮಾನದ ಯುದ್ಧಗಳ ಆಜ್ಞೆಗಳೂ ವರದಿಗಳೂ ಬಹುಮಟ್ಟಿಗೆ ಈ ಅಲೆಗಳ ಮೇಲೆಯೇ ಸಂಚರಿಸಿದವು. ಅವನ್ನು ಕದ್ದು ಕೇಳುವ ಕೆಲಸ ನಮ್ಮ ಬೆಂಗಳೂರಿನಲ್ಲಿಯೂ ನಡೆಯಿತೆಂಬುದು ಕನ್ನಡನಾಡಿನ ಇತಿಹಾಸ ಬರವಣಿಗೆಯಲ್ಲಿ ಇನ್ನೂ ತಕ್ಕ ಸ್ಥಾನವನ್ನು ಪಡೆದಿಲ್ಲ.

ಈ ಲೇಖನದಲ್ಲಿ ನಾವು ಪ್ರತಿಪಾದಿಸಹೊರಟಿರುವುದು ಒಂದೇ ಮಾತು. ಗೂಢಲಿಪಿಯು ಸಂದೇಶದ ಅರ್ಥವನ್ನು ಮುಚ್ಚಬಲ್ಲುದು, ಅದರ ರೂಪವನ್ನು ಪೂರ್ಣವಾಗಿ ಮುಚ್ಚಲಾರದು. ಸೇನಾಸಂದೇಶಗಳನ್ನು ಗುರುತಿಸುವ ವಿದ್ಯೆ ೧೯೪೨ರಲ್ಲಿಯೂ ಇಂದಿಗೂ ನಿಂತಿರುವುದು ಈ ಒಂದು ಸತ್ಯದ ಮೇಲೆ. ಈ ವಿದ್ಯೆಯ ಕ್ರಮ ಇತಿಹಾಸದ ಅಧ್ಯಾಪಕರಿಗೆ ಹೊಸದೂ ಅಲ್ಲ.

೨

ಹೊಸದಲ್ಲವೆಂದುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವಿದೆ. ಶೃಂಗೇರಿಗೆ ಸಮೀಪದ ಕಿಗ್ಗದಲ್ಲಿ ಆಳುಪ ಅರಸರ ಶಾಸನಗಳಿವೆ. ಬಿ. ಎಲ್. ರೈಸರು ೧೯೦೧ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟದಲ್ಲಿ, ಅಂದಿನ ಕಡೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ, ಅವು ಸೇರಿವೆ. ಅವುಗಳಲ್ಲಿ ಶಕವರ್ಷದ ಉಲ್ಲೇಖವಿಲ್ಲ. ಆದರೂ ವಿದ್ವಾಂಸರು ಅವನ್ನು ಏಳನೆಯ ಶತಮಾನದ ಆಸುಪಾಸಿಗೆ ಸೇರಿಸುತ್ತಾರೆ. ಅಕ್ಷರಗಳ ತಿರುವು, ಭಾಷೆಯ ಹಳಮೆ, ಅರಸನ ಹೆಸರು, ಒಕ್ಕಣೆಯ ಕ್ರಮ ಇವೆಲ್ಲವನ್ನೂ ಕಾಲ ಗೊತ್ತಿರುವ ಬೇರೆ ಶಾಸನಗಳೊಡನೆ ಹೋಲಿಸಿ ಈ ನಿರ್ಣಯಕ್ಕೆ ಬಂದದ್ದು. ಇದಕ್ಕೆ ಪ್ರತಿಯಾಗಿ, ಭಾರತೀತೀರ್ಥರಿಗೆ ಹರಿಹರನೂ ಅವನ ಸೋದರರೂ ದತ್ತಿ ಬಿಟ್ಟ ಶೃಂಗೇರಿಯ ೧೩೪೬ರ ಶಾಸನವು ತನ್ನ ಕಾಲವನ್ನೂ ಕರ್ತೃಗಳನ್ನೂ ತಾನೇ ಹೇಳುತ್ತದೆ. ಅಂತಹವು ಮಾನದಂಡ, ತೇದಿಯಿಲ್ಲದವು ಆ ಮಾನದಂಡದಿಂದ ಅಳೆಯಲ್ಪಡುವವು.

ರೇಡಿಯೋ ಸಂಕೇತವನ್ನು ಗುರುತಿಸುವವನ ದಾರಿಯೂ ಇದೇ. ಅವನ ಎದುರಿನಲ್ಲಿರುವುದು ಓದಲಾಗದ ಬರೆಹ. ಒಕ್ಕಣೆ ಎಲ್ಲಿ ಆರಂಭವಾಗುತ್ತದೆ, ಎಷ್ಟು ಹೊತ್ತಿಗೊಮ್ಮೆ ಮರಳಿ ಬರುತ್ತದೆ, ಯಾವ ವೇಗದಲ್ಲಿ ಹರಿಯುತ್ತದೆ, ಯಾವ ಆವರ್ತನದಲ್ಲಿ ಯಾವ ಗಳಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ ಎಂಬ ಹೊರಲಕ್ಷಣಗಳನ್ನು ಕೂಡಿಹಾಕಿ, ಈಗಾಗಲೇ ಗೊತ್ತಿರುವ ಸಂಕೇತಗಳೊಡನೆ ತೂಗಿ ನೋಡುತ್ತಾನೆ. ಒಂದು ಲಕ್ಷಣ ನಿರ್ಣಾಯಕವಾಗುವುದು ಅಪೂರ್ವ; ಹಲವು ಲಕ್ಷಣಗಳು ಒಮ್ಮುಖವಾದಾಗ ಮಾತ್ರ ನಿರ್ಣಯಕ್ಕೆ ಬಲ ಬರುತ್ತದೆ.

೩

ಮುಂದಿನ ವಿವರಗಳನ್ನು ತಿಳಿಯಲು ಹ್ರಸ್ವತರಂಗದ ಸ್ವಭಾವವನ್ನು ಸ್ವಲ್ಪ ನೋಡಬೇಕು. ೩ರಿಂದ ೩೦ ಮೆಗಾಹರ್ಟ್ಸ್ ವರೆಗಿನ, ಎಂದರೆ ಸುಮಾರು ೧೦೦ರಿಂದ ೧೦ ಮೀಟರ್ ಉದ್ದದ ಅಲೆಗಳಿಗೆ ಈ ಹೆಸರು. ನೆಲವನ್ನು ಹಿಡಿದು ಸಾಗಿದರೆ ಇವು ಬೇಗ ಸೊರಗುತ್ತವೆ. ಆದರೆ ಮೇಲಕ್ಕೆ ಹೋದವು ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳದಲ್ಲಿ ಬಾಗಿ ಬಹುದೂರದಲ್ಲಿ ಮತ್ತೆ ನೆಲಕ್ಕಿಳಿಯುತ್ತವೆ. ಹಗಲಿನಲ್ಲಿ ಹೆಚ್ಚಿನ ಆವರ್ತನಗಳೂ ರಾತ್ರಿಯಲ್ಲಿ ಕಡಿಮೆಯ ಆವರ್ತನಗಳೂ ದೂರಕ್ಕೆ ಒದಗುತ್ತವೆ. ನೆಲದಲೆ ಸೊರಗಿದ ಮೇಲೆ, ಬಾನಲೆ ಇಳಿಯುವ ಮೊದಲು, ನಡುವೆ ಏನೂ ಕೇಳಿಸದ ಒಂದು ಮೂಕವಲಯವಿರುತ್ತದೆ. ಶೃಂಗೇರಿಗೂ ಬೆಂಗಳೂರಿಗೂ ನೇರದೂರ ಸುಮಾರು ೨೫೦ ಕಿ.ಮೀ. ಬೆಂಗಳೂರಿನಿಂದ ೧೫ ಮೆಗಾಹರ್ಟ್ಸ್‌ನಲ್ಲಿ ಹೊರಟ ಸಂಕೇತ ಶೃಂಗೇರಿಯ ತಲೆಯ ಮೇಲೆ ಹಾರಿಹೋಗಿ ಸಾವಿರಾರು ಕಿಲೋಮೀಟರ್ ಆಚೆ ಸ್ಪಷ್ಟವಾಗಿ ಕೇಳಿಸುವುದು ಅಸಂಭವವೇನಲ್ಲ. ಆದುದರಿಂದ ಸದ್ದು ಜೋರಾಗಿ ಕೇಳಿದ ಮಾತ್ರಕ್ಕೆ ಮೂಲ ಹತ್ತಿರದಲ್ಲಿದೆಯೆಂದು ಭಾವಿಸುವುದು ಹೊಸಬರು ಮಾಡುವ ಮೊದಲ ತಪ್ಪು.

ಮಲೆನಾಡಿಗೆ ಇನ್ನೂ ಕೆಲವು ವಿಶೇಷಗಳಿವೆ. ಸುತ್ತಣ ಬೆಟ್ಟಗಳು ಅತ್ಯುಚ್ಚ ಆವರ್ತನದ ಅಲೆಗಳನ್ನು ತಡೆದಷ್ಟು ಆಕಾಶದಿಂದಿಳಿಯುವ ಹ್ರಸ್ವತರಂಗವನ್ನು ತಡೆಯುವುದಿಲ್ಲ. ಪಟ್ಟಣದ ಯಂತ್ರಗಳ ಗದ್ದಲವೂ ಇಲ್ಲಿ ಕಡಿಮೆ. ಆದರೆ ಮುಂಗಾರಿಗೆ ಮುಂಚಿನ ಗುಡುಗುಸಿಡಿಲಿನ ದಿನಗಳಲ್ಲಿ ಕೆಳಗಿನ ಆವರ್ತನಗಳೆಲ್ಲ ಚಟಪಟ ಶಬ್ದದಿಂದ ತುಂಬುತ್ತವೆ. ಭೂಕಾಂತೀಯ ವಿಷುವದ್ರೇಖೆ ದಕ್ಷಿಣ ಭಾರತದ ತುದಿಯಲ್ಲಿ ಹಾದುಹೋಗುವುದರಿಂದ, ಸೂರ್ಯಾಸ್ತವಾದ ಮೇಲೆ ಇಲ್ಲಿನ ಅಯಾನುಗೋಳ ಕದಡಿ, ಸಂಕೇತಗಳು ನಡುಗುವುದುಂಟು. ೧೯೬೩ರಲ್ಲಿ ತಿರುವನಂತಪುರದ ಬಳಿಯ ತುಂಬಾದಲ್ಲಿ ರಾಕೆಟ್ ಉಡಾವಣೆಯ ನೆಲೆಯನ್ನು ಸ್ಥಾಪಿಸಲು ಇದೇ ರೇಖೆಯ ಸಾಮೀಪ್ಯ ಕಾರಣವಾಯಿತು. ಹೀಗೆ ನಡುಗಿದ ಸಂಕೇತದ ಲಕ್ಷಣಗಳನ್ನು ಒಂದೇ ಸಂಜೆಯ ಕೇಳ್ಮೆಯಿಂದ ನಿಶ್ಚಯಿಸಬಾರದು.

೪

ಎರಡನೆಯ ಮಹಾಯುದ್ಧದಲ್ಲಿ ದಕ್ಷಿಣ ಭಾರತ ಹಿಂಬದಿಯ ನೆಲವಾಗಿ ಉಳಿಯಲಿಲ್ಲ. ೧೯೪೨ರ ಫೆಬ್ರವರಿ ೧೫ರಂದು ಸಿಂಗಪುರ ಬಿದ್ದಿತು. ಮಾರ್ಚಿಯಲ್ಲಿ ರಂಗೂನೂ ಅಂಡಮಾನ್ ದ್ವೀಪಗಳೂ ಜಪಾನೀಯರ ವಶವಾದವು. ಏಪ್ರಿಲ್ ೫ರಂದು ಕೊಲಂಬೋ, ೬ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳು ಬಾಂಬುದಾಳಿಗೆ ಸಿಕ್ಕಿದವು. ಜಪಾನಿನ ನೌಕಾಪಡೆಯ ಸಂಕೇತಗಳನ್ನು ಆಲಿಸುತ್ತಿದ್ದ ಬ್ರಿಟಿಷರ ಪೌರಸ್ತ್ಯ ಕೇಂದ್ರವು ಸಿಂಗಪುರದಿಂದ ಕೊಲಂಬೋಗೆ, ಅಲ್ಲಿಂದ ಆಫ್ರಿಕದ ಮೊಂಬಾಸ ಬಳಿಯ ಕಿಲಿಂಡಿನಿಗೆ ಸರಿಯಬೇಕಾಯಿತು. ಭೂಸೇನೆಯ ಸಂಕೇತಗಳನ್ನು ಆಲಿಸುವ ಮುಖ್ಯ ಭಾರ ಭಾರತದೊಳಗಿನ ಸಂಸ್ಥೆಯ ಮೇಲೆ ಬಿದ್ದಿತು. ಇದೇ ದೆಹಲಿಯ ಆನಂದಪರ್ಬತದಲ್ಲಿ, ರಾಮಜಸ್ ಕಾಲೇಜಿನ ಆವರಣದಲ್ಲಿ, ಕೆಲಸ ಮಾಡಿದ ‘ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್’. ಇದಕ್ಕೆ ಎರಡು ಅಂಗಸಂಸ್ಥೆಗಳಿದ್ದವು. ಪೂರ್ವದ್ದು ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿ, ಪಶ್ಚಿಮದ್ದು ಬೆಂಗಳೂರಿನಲ್ಲಿ.

ಹೆಸರನ್ನು ಗಮನಿಸಬೇಕು. ‘ನಿಸ್ತಂತು ಪ್ರಯೋಗ ಕೇಂದ್ರ’ವೆಂಬುದನ್ನು ಓದಿದವನು ಅಲ್ಲಿ ವಿಜ್ಞಾನದ ಪ್ರಯೋಗಗಳು ನಡೆಯುತ್ತಿದ್ದವೆಂದು ಭಾವಿಸಿಯಾನು. ಬೆಂಗಳೂರಿನದಕ್ಕೂ ಒಂದು ಸಾಧಾರಣ ಸಿಗ್ನಲ್ ಕೇಂದ್ರದ ಹೆಸರೇ ಇದ್ದಿತು. ಸಂಸ್ಥೆಯ ಹೆಸರೇ ಒಂದು ಗೂಢಲಿಪಿ! ದಂಡಿನ ನೂರೆಂಟು ಕಚೇರಿಗಳ ನಡುವೆ ಇನ್ನೊಂದು ಕಚೇರಿಯಾಗಿ ಅದು ಜನರ ಕಣ್ಣಿಗೆ ಬಿದ್ದಿರಬೇಕು.

ಇಂತಹ ಕೇಂದ್ರಗಳಲ್ಲಿ ಗುರುತಿಸುವಿಕೆ ಹೇಗೆ ನಡೆಯುತ್ತಿತ್ತು? ಮೊದಲನೆಯ ಲಕ್ಷಣ ಸಂಕೇತಮಾಲೆಯೇ. ಜಪಾನೀಯರು ತಮ್ಮ ‘ಕಾನಾ’ ಅಕ್ಷರಗಳಿಗೆ ಹೊಂದಿಸಿಕೊಂಡಿದ್ದ ಮೋರ್ಸ್ ಮಾಲೆಯಲ್ಲಿ, ಇಪ್ಪತ್ತಾರು ರೋಮನ್ ಅಕ್ಷರಗಳಿಗೆ ಮೀರಿದ ಸಂಜ್ಞೆಗಳಿದ್ದವು. ಅದನ್ನು ಬರೆದುಕೊಳ್ಳಲು ಕಿವಿಗೆ ಬೇರೆಯ ಶಿಕ್ಷಣವೇ ಬೇಕಾಗಿತ್ತು; ಆದರೆ ಆ ಶಿಕ್ಷಣ ಪಡೆದವನಿಗೆ ಕೆಲವೇ ಕ್ಷಣಗಳಲ್ಲಿ ಪ್ರೇಷಕನು ಯಾವ ನಾಡಿನವನೆಂಬುದು ತಿಳಿಯುತ್ತಿತ್ತು. ಎರಡನೆಯದು ಕರೆಸಂಜ್ಞೆ: ಒಂದು ಠಾಣೆ ಇನ್ನೊಂದನ್ನು ಕೂಗುವಾಗ ಬಳಸುವ ಅಕ್ಷರಗುಚ್ಛ. ಅದನ್ನು ದಿನದಿನವೂ ಬದಲಾಯಿಸಿದರೂ, ಯಾರು ಯಾರನ್ನು ಎಷ್ಟು ಗಂಟೆಗೆ ಕರೆಯುತ್ತಾರೆ, ಯಾರು ಆಜ್ಞೆ ಕೊಡುವವರು, ಯಾರು ಉತ್ತರಿಸುವವರು ಎಂಬ ಸಂಬಂಧ ಬದಲಾಗದು. ಈ ಸಂಬಂಧಗಳನ್ನು ಕಾಗದದ ಮೇಲೆ ಬಿಡಿಸಿದರೆ ಸೇನೆಯ ಅಧಿಕಾರಶ್ರೇಣಿಯ ನಕ್ಷೆ ತಾನಾಗಿ ಮೂಡುತ್ತದೆ. ಮೂರನೆಯದು ಕೈವಾಡ: ಬರೆಹಗಾರನ ಅಕ್ಷರ ಹೇಗೋ ಹಾಗೆ ಮೋರ್ಸ್ ಕೀಲಿಯನ್ನು ಒತ್ತುವವನ ಲಯವೂ ಅವನದೇ. ಠಾಣೆಯ ಹೆಸರು ಬದಲಾದರೂ ಆ ಕೈ ಬದಲಾಗದು. ನಾಲ್ಕನೆಯದು ದಿಕ್ಕಿನ ನಿರ್ಣಯ: ದೂರದೂರದ ಎರಡು ಮೂರು ನೆಲೆಗಳಿಂದ ಒಂದೇ ಸಂಕೇತದ ದಿಕ್ಕನ್ನು ಅಳೆದು ನಕ್ಷೆಯ ಮೇಲೆ ಗೆರೆಯೆಳೆದರೆ ಅವು ಕೂಡುವೆಡೆಯಲ್ಲಿ ಮೂಲವಿರುತ್ತದೆ. ರಾತ್ರಿಯಲ್ಲಿ ಅಯಾನುಗೋಳದ ಅಲೆಗಳು ಈ ಗೆರೆಗಳನ್ನು ತಪ್ಪಿಸುತ್ತಿದ್ದುದರಿಂದ ಇದೂ ಒಂಟಿಯಾಗಿ ನಂಬತಕ್ಕುದಾಗಿರಲಿಲ್ಲ.

ಈ ನಾಲ್ಕರಲ್ಲಿ ಒಂದಕ್ಕೂ ಸಂದೇಶದ ಅರ್ಥ ತಿಳಿಯಬೇಕಾಗಿಲ್ಲ ಎಂಬುದು ಮುಖ್ಯ. ಅಷ್ಟೇ ಅಲ್ಲ, ಅರ್ಥದ ಬಾಗಿಲು ತೆರೆದುದೂ ರೂಪದ ಕಡೆಯಿಂದಲೇ. ಜಪಾನೀ ಭೂಸೇನೆಯು ತನ್ನ ಹಡಗುಗಳ ಸಂಚಾರಕ್ಕೆ ಬಳಸುತ್ತಿದ್ದ ‘ಜಲಸಾರಿಗೆ ಸಂಕೇತ’ವು ನಾಲ್ಕಂಕಿಯ ಗುಂಪುಗಳಿಂದಾದುದು, ಆ ಗುಂಪುಗಳ ಮೇಲೆ ಮತ್ತೊಂದು ಅಂಕಿಮಾಲೆಯನ್ನು ಕೂಡಿಸಿ ಮರೆಮಾಡುತ್ತಿದ್ದರು. ೧೯೪೩ರಲ್ಲಿ ದೆಹಲಿಯ ಕೇಂದ್ರದಲ್ಲಿದ್ದ ವಿಲ್ಫ್ರಿಡ್ ನಾಯ್ಸ್ ಮತ್ತು ಮಾರಿಸ್ ಆ್ಯಲನ್ ಅದನ್ನು ಭೇದಿಸಿದರು. ಆಸ್ಟ್ರೇಲಿಯದ ಬ್ರಿಸ್ಬೇನ್ ಮತ್ತು ಅಮೆರಿಕದ ಆರ್ಲಿಂಗ್‌ಟನ್ ಹಾಲ್‌ಗಳಲ್ಲಿಯೂ ಅದೇ ಕಾಲಕ್ಕೆ ಇದು ಸಾಧ್ಯವಾಯಿತು. ಜಪಾನೀ ಭೂಸೇನೆಯ ಉನ್ನತ ದರ್ಜೆಯ ಸಂಕೇತಗಳಲ್ಲಿ ಮೊದಲು ಬಿದ್ದುದು ಇದೇ. ಅದಕ್ಕೆ ಸುಳುಹು ಕೊಟ್ಟುದು ಒಂದು ಸಣ್ಣ ಸಂಗತಿ: ಸಂದೇಶಗಳ ಮೂರನೆಯ ಗುಂಪಿನ ಮೊದಲಂಕಿ ಮನಬಂದಂತೆ ಬೀಳದೆ ಒಂದು ಕಟ್ಟಿಗೆ ಒಳಪಟ್ಟಂತೆ ಕಂಡಿತು. ನಾಯ್ಸ್ ಪರ್ವತಾರೋಹಿ, ಮುಂದೆ ೧೯೫೩ರ ಎವರೆಸ್ಟ್ ಯಾತ್ರೆಯ ತಂಡದಲ್ಲಿದ್ದವನು. ಸಾವಿರಾರು ಸಂದೇಶಗಳಲ್ಲಿ ಒಂದೇ ಅಂಕಿಯ ಮೇಲೆ ಕಣ್ಣಿಟ್ಟ ತಾಳ್ಮೆ ಅವರದು. ಆದರೆ ಆ ಸಾವಿರಾರು ಸಂದೇಶಗಳು ದೊರೆಯಬೇಕಾದರೆ ಎಲ್ಲೆಲ್ಲಿಯೋ ಕುಳಿತು, ಗುಡುಗಿನ ಸದ್ದಿನ ನಡುವೆ, ಒಂದಂಕಿಯೂ ತಪ್ಪದಂತೆ ಬರೆದುಕೊಂಡ ಹೆಸರಿಲ್ಲದ ಕಿವಿಗಳು ಬೇಕಾಗಿದ್ದವು. ಇಡೀ ವ್ಯವಸ್ಥೆ ನಿಂತುದು ಅಂತಹವರ ದುಡಿಮೆಯ ಮೇಲೆ.

೫

ಆಲಿಸುವವರ ಕಡೆಯಿಂದ ಕಂಡುದನ್ನು ಆಲಿಸಲ್ಪಟ್ಟವರ ಕಡೆಯಿಂದಲೂ ನೋಡಬೇಕು. ೧೯೩೯ರಲ್ಲಿ ಯುದ್ಧ ಆರಂಭವಾದೊಡನೆ ಸರ್ಕಾರವು ಹವ್ಯಾಸಿ ರೇಡಿಯೋದವರ ಪ್ರೇಷಕಯಂತ್ರಗಳನ್ನು ವಶಕ್ಕೆ ಒಪ್ಪಿಸುವಂತೆ ಆಜ್ಞಾಪಿಸಿತು. ಹೀಗಿದ್ದರೂ ೧೯೪೨ರ ಆಗಸ್ಟ್ ೨೭ರಂದು ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರ ಕಾಂಗ್ರೆಸ್ ರೇಡಿಯೋ ೪೨.೩೪ ಮೀಟರಿನಲ್ಲಿ, ಎಂದರೆ ಸುಮಾರು ೭ ಮೆಗಾಹರ್ಟ್ಸ್‌ನಲ್ಲಿ, ಮಾತನಾಡತೊಡಗಿತು. ಪೊಲೀಸರ ದಿಕ್ಕುನಿರ್ಣಯದ ವಾಹನಗಳು ಬೆನ್ನುಹತ್ತಿದಂತೆಲ್ಲ ಅವರು ಮನೆಯಿಂದ ಮನೆಗೆ ಯಂತ್ರವನ್ನು ಸಾಗಿಸುತ್ತ ಹೋದರು. ನವೆಂಬರ್ ೧೨ರಂದು ಸಿಕ್ಕಿಬಿದ್ದರು. ಪ್ರಸಾರಕ್ಕೆ ಗೊತ್ತಾದ ವೇಳೆ ಮತ್ತು ಗೊತ್ತಾದ ಆವರ್ತನವಿಲ್ಲದಿದ್ದರೆ ಕೇಳುಗರು ಸಿಗರು. ಅವೆರಡೂ ಇದ್ದರೆ ಶತ್ರುವಿಗೂ ಸಿಗುತ್ತೇವೆ. ಈ ಇಕ್ಕಟ್ಟಿನಿಂದ ಯಾವ ಪ್ರೇಷಕನೂ ಪಾರಾಗಲಾರ.

ಪಶ್ಚಿಮಘಟ್ಟದ ಒಂದು ನಿದರ್ಶನ ನಮಗೆ ಇನ್ನೂ ಹತ್ತಿರದ್ದು. ಗೋವೆಯ ವಿಮೋಚನೆಗಾಗಿ ವಾಮನ ಸರ್ದೇಸಾಯಿ, ಲಿಬಿಯಾ ಲೋಬೋ ಮತ್ತು ಸಂಗಡಿಗರು ೧೯೫೫ರ ನವೆಂಬರ್ ೨೫ರಂದು ಒಂದು ಗುಪ್ತ ಹ್ರಸ್ವತರಂಗ ಕೇಂದ್ರವನ್ನು ಆರಂಭಿಸಿದರು. ಮೊದಲು ಅಂಬೋಲಿಯ ಕಾಡಿನಲ್ಲಿದ್ದ ಅದು ಬಳಿಕ ಉತ್ತರ ಕನ್ನಡದ ಕ್ಯಾಸಲ್‌ರಾಕಿಗೆ ಸ್ಥಳಾಂತರಗೊಂಡಿತು. ಕೊಂಕಣಿ, ಪೋರ್ಚುಗೀಸ್ ಭಾಷೆಗಳಲ್ಲಿ ಮಾತನಾಡುತ್ತ, ಪೋರ್ಚುಗೀಸರ ರೇಡಿಯೋವನ್ನು ಆಲಿಸಿ ಅದಕ್ಕೆ ಉತ್ತರ ಕೊಡುತ್ತ, ಆರು ವರ್ಷಗಳ ಕಾಲ ಅದು ಕೆಲಸ ಮಾಡಿತು. ೧೯೬೧ರ ಡಿಸೆಂಬರ್ ೧೮ರಂದು ಸಾಂಬ್ರಾದಿಂದ ಹೊರಟ ಹಂಟರ್ ವಿಮಾನಗಳು ಗೋವೆಯ ಬಾಂಬೋಳಿಯಲ್ಲಿದ್ದ ಪೋರ್ಚುಗೀಸರ ನಿಸ್ತಂತು ಠಾಣೆಯನ್ನು ಹೊಡೆದವು. ಯುದ್ಧದಲ್ಲಿ ಗುರುತಿಸಲ್ಪಡುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ.

೬

ಯುದ್ಧಾನಂತರ ಮೋರ್ಸ್ ಕೀಲಿಯ ಸ್ಥಾನವನ್ನು ಕ್ರಮಕ್ರಮವಾಗಿ ಯಂತ್ರ ಆಕ್ರಮಿಸಿತು. ಟೆಲಿಪ್ರಿಂಟರಿನಲ್ಲಿ ಒಂದೊಂದು ಅಕ್ಷರವೂ ಐದು ಘಟಕಗಳ ಗುಂಪು. ಎರಡು ನಾದಗಳ ನಡುವಿನ ಜಿಗಿತದಿಂದ ಅದನ್ನು ಕಳುಹಿಸುತ್ತಾರೆ. ಇಲ್ಲಿ ಕೈವಾಡದ ಸುಳುಹು ಇಲ್ಲವಾಯಿತು. ಅದರ ಬದಲು ಜಿಗಿತದ ಅಂತರ, ಉದಾಹರಣೆಗೆ ೧೭೦ ಅಥವಾ ೮೫೦ ಹರ್ಟ್ಸ್, ಮತ್ತು ವೇಗ, ಉದಾಹರಣೆಗೆ ೫೦ ಅಥವಾ ೭೫ ಬಾಡ್, ಗುರುತುಗಳಾದವು. ಸುದ್ದಿಸಂಸ್ಥೆಯ ಟೆಲಿಪ್ರಿಂಟರ್ ಬಿಡಿಸಿದರೆ ಓದಲು ಬರುತ್ತಿತ್ತು, ಸೇನೆಯದು ಬರುತ್ತಿರಲಿಲ್ಲ. ಅಷ್ಟೇ ಅಲ್ಲದೆ, ಹೇಳುವುದೇನೂ ಇಲ್ಲದಾಗಲೂ ಅರ್ಥವಿಲ್ಲದ ಅಕ್ಷರಧಾರೆಯನ್ನು ಎಡೆಬಿಡದೆ ಹರಿಸುವ ಪದ್ಧತಿಯನ್ನು ಸೇನೆಗಳು ಅವಲಂಬಿಸಿದವು. ಸಂದೇಶಗಳ ಸಂಖ್ಯೆ ಏರಿದ್ದನ್ನು ಕಂಡು ದಾಳಿಯನ್ನು ಊಹಿಸುವ ಶತ್ರುವಿನ ಜಾಣ್ಮೆಗೆ ಇದು ಪ್ರತಿತಂತ್ರ. ಆದರೆ ಎಂದೂ ನಿಲ್ಲದೆ ಹರಿಯುವುದೇ ಅಂತಹ ಧಾರೆಯ ಗುರುತೂ ಆಯಿತು!

ಇಂದಿನ ಸೇನಾ ಮೊಡೆಮುಗಳು ಇನ್ನೂ ಸಂಕೀರ್ಣ. ನ್ಯಾಟೋ ಕೂಟದ ‘ಸ್ಟ್ಯಾನಾಗ್ ೪೨೮೫’ ಎಂಬ ಮಾನಕದಲ್ಲಿ ೧೮೦೦ ಹರ್ಟ್ಸ್‌ನ ಒಂದೇ ನಾದದ ಮೇಲೆ ಸೆಕೆಂಡಿಗೆ ೨೪೦೦ ಸಂಜ್ಞೆಗಳು ಸಾಗುತ್ತವೆ. ಕಿವಿಗೆ ಅದು ಬರಿಯ ಭೋರ್ಗರೆತ. ಆದರೆ ಪ್ರತಿ ೨೫೬ ಸಂಜ್ಞೆಗಳ ಕಟ್ಟಿನ ಮೊದಲ ೮೦ ಸಂಜ್ಞೆಗಳು ಎಂದಿಗೂ ಬದಲಾಗದವು. ಗ್ರಾಹಕಯಂತ್ರ ತನ್ನ ಕಾಲವನ್ನು ಹೊಂದಿಸಿಕೊಳ್ಳುವುದು ಅವುಗಳಿಂದ. ೨೫೬ನ್ನು ೨೪೦೦ರಿಂದ ಭಾಗಿಸಿದರೆ ಸುಮಾರು ೧೦೬.೭ ಮಿಲಿಸೆಕೆಂಡು. ಸದ್ದನ್ನು ಅದರೊಡನೆಯೇ ಹೋಲಿಸಿ ನೋಡುವ ಗಣಕಕ್ಕೆ ಪ್ರತಿ ೧೦೬.೭ ಮಿಲಿಸೆಕೆಂಡಿಗೊಮ್ಮೆ ಒಂದು ಮರುಕಳಿಕೆ ಕಾಣಿಸಿದರೆ, ಒಳಗಿನ ಒಂದಕ್ಷರವನ್ನೂ ಓದದೆ ಸಂಕೇತದ ಜಾತಿಯನ್ನು ಹೇಳಬಹುದು. ಶಾಸನದ ಒಕ್ಕಣೆಯಲ್ಲಿ ಆದಿಯ ‘ಸ್ವಸ್ತಿ’ ಇದ್ದಂತೆ ಈ ಎಂಬತ್ತು ಸಂಜ್ಞೆಗಳು.

ಹೀಗೆಯೇ ಬೇರೆಯವು. ಹಡಗು, ವಿಮಾನಗಳ ನಡುವೆ ಶತ್ರುವಿನ ಸ್ಥಾನಗಳನ್ನು ಹಂಚಿಕೊಳ್ಳುವ ‘ಲಿಂಕ್ ೧೧’ ಎಂಬುದರಲ್ಲಿ ಹದಿನೈದು ದತ್ತಾಂಶ ನಾದಗಳೂ, ಅವುಗಳಿಂದ ದೂರದಲ್ಲಿ ೬೦೫ ಹರ್ಟ್ಸ್‌ನ ಒಂದು ಒಂಟಿ ನಾದವೂ ಇವೆ. ರಷ್ಯದ ಸೇನೆಯ ಒಂದು ಮೊಡೆಮಿನಲ್ಲಿ ಹನ್ನೆರಡು ನಾದಗಳ ಮೇಲ್ಗಡೆ ೩೩೦೦ ಹರ್ಟ್ಸ್‌ನ ಮಾರ್ಗದರ್ಶಕ ನಾದವೊಂದು ಕಾಣುತ್ತದೆ. ತಮ್ಮಷ್ಟಕ್ಕೆ ತಾವೇ ಸಂಪರ್ಕ ಕಟ್ಟಿಕೊಳ್ಳುವ ಅಮೆರಿಕದ ಮಾನಕದ ರೇಡಿಯೋಗಳು ೭೫೦ರಿಂದ ೨೫೦೦ ಹರ್ಟ್ಸ್ ವರೆಗಿನ ಎಂಟು ನಾದಗಳಲ್ಲಿ ಸೆಕೆಂಡಿಗೆ ೧೨೫ ಸಂಜ್ಞೆಗಳಂತೆ ಕೂಗುತ್ತವೆ. ಹೆಚ್ಚಿನ ರಕ್ಷಣೆ ಮಾಡಿಕೊಳ್ಳದಿದ್ದಲ್ಲಿ ಕರೆಯುವವರ, ಕರೆಯಲ್ಪಟ್ಟವರ ವಿಳಾಸಗಳು ಬಯಲಾಗಿಯೇ ಇರುತ್ತವೆ. ೧೯೪೨ರ ಕರೆಸಂಜ್ಞೆ ವೇಷ ಬದಲಿಸಿ ಬಂದಿತೆನ್ನಬಹುದು. ೧೯೭೬ರಿಂದ ೧೯೮೯ರವರೆಗೆ ಸೆಕೆಂಡಿಗೆ ಹತ್ತು ಬಡಿತಗಳಿಂದ ಜಗತ್ತಿನ ಹ್ರಸ್ವತರಂಗವನ್ನೆಲ್ಲ ಕಾಡಿದ ಸೋವಿಯತ್ ‘ದೂಗಾ’ ರಾಡಾರನ್ನು ಹವ್ಯಾಸಿಗಳು ‘ಮರಕುಟಿಗ’ವೆಂದು ಕರೆದುದೂ ಬರಿಯ ಲಯದ ಗುರುತಿನಿಂದಲೇ.

ರೂಪವನ್ನೂ ಏಕೆ ಮುಚ್ಚಬಾರದು? ಆವರ್ತನದಿಂದ ಆವರ್ತನಕ್ಕೆ ನೆಗೆಯುವ, ಗದ್ದಲದೊಳಗೆ ಹುದುಗಿಕೊಳ್ಳುವ ಪದ್ಧತಿಗಳು ಆ ಪ್ರಯತ್ನದ ಫಲಗಳೇ. ಅವು ಗುರುತಿಸುವವನ ಕಷ್ಟವನ್ನು ಬಹಳ ಹೆಚ್ಚಿಸಿವೆ. ಆದರೆ ಹ್ರಸ್ವತರಂಗದ ಹಾದಿ ನಡುಗುವಂಥದು, ಮಾಯುವಂಥದು. ಮಿತ್ರನ ಯಂತ್ರವು ಆ ನಡುಕದ ನಡುವೆ ಸಂಕೇತವನ್ನು ಹಿಡಿಯಬೇಕಾದರೆ ಅದರಲ್ಲಿ ನಿಯತವಾದುದು ಏನಾದರೂ ಇರಲೇಬೇಕು. ಮಿತ್ರನಿಗಾಗಿ ಇಟ್ಟ ಗುರುತು ಮೂರನೆಯವನಿಗೂ ಒಂದಲ್ಲ ಒಂದು ದಿನ ಕಾಣದೆ ಹೋಗದು.

೭

ಇನ್ನು ಮೊದಲು ಹೇಳಿದ ವಿದ್ಯಾರ್ಥಿಯ ಸದ್ದಿಗೆ ಬರೋಣ. ನಾವು ಆತನೊಡನೆ ಕುಳಿತು ಗಡಿಯಾರ ಹಿಡಿದು ಎಣಿಸಿದೆವು. ಸದ್ದು ಮರಳುತ್ತಿದ್ದುದು ಸರಿಯಾಗಿ ೩೨ ಸೆಕೆಂಡಿಗೊಮ್ಮೆ. ನಡುವೆ ಬೇರೆ ಬೇರೆ ಬಲದ ಸಣ್ಣ ಸದ್ದುಗಳು ಅನಿಯತವಾಗಿ ಬಂದುಹೋಗುತ್ತಿದ್ದವು. ೩೨ ಸೆಕೆಂಡಿನ ಈ ಕಟ್ಟು ನಾಗರಿಕ ವಿಮಾನಗಳ ಹ್ರಸ್ವತರಂಗ ದತ್ತಾಂಶ ವ್ಯವಸ್ಥೆಯದು. ಭೂಠಾಣೆಯು ಕಟ್ಟಿನ ಆದಿಯ ಸಂಜ್ಞೆಯನ್ನು ಕಳುಹಿಸುತ್ತದೆ. ಸಮುದ್ರದ ಮೇಲೆ ಹಾರುವ ವಿಮಾನಗಳು ತಮ್ಮ ಸರದಿಯಲ್ಲಿ ಸ್ಥಾನವನ್ನು ತಿಳಿಸುತ್ತವೆ. ಇಂತಹ ಭೂಠಾಣೆಗಳು ಬಹರೈನಿನ ಮುಹರ್ರಕ್‌ನಲ್ಲಿಯೂ ಥಾಯ್ಲೆಂಡಿನ ಹಾಟ್ ಯಾಯ್‌ನಲ್ಲಿಯೂ ಇವೆ. ವಿದ್ಯಾರ್ಥಿಗೆ ಸ್ವಲ್ಪ ನಿರಾಶೆಯಾಯಿತು. ಆದರೆ ಪ್ರಮಾಣವಿಲ್ಲದೆ ನಂಬಿದುದನ್ನು ಪ್ರಮಾಣದಿಂದ ಬಿಟ್ಟುಕೊಡುವುದೇ ನಮ್ಮ ಶಾಸ್ತ್ರದ ಮೊದಲ ಪಾಠ.

ತಪ್ಪಿಗೆ ಇನ್ನೂ ದಾರಿಗಳುಂಟು. ಆಕಾಶವಾಣಿಯೂ ಬಳಸಿರುವ ಡಿಜಿಟಲ್ ಹ್ರಸ್ವತರಂಗ ಪ್ರಸಾರವು ಸಾಮಾನ್ಯ ಪೆಟ್ಟಿಗೆಯಲ್ಲಿ ಬರಿಯ ಭೋರೆಂಬ ಸದ್ದು. ಅದನ್ನು ಶತ್ರುವಿನ ತಡೆಯೆಂದು ತಿಳಿಯುವುದು ಸುಲಭ. ಅದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿದೆ. ಸೇನೆಗಾಗಿ ರಚಿತವಾದ ಮಾನಕವನ್ನು ಸೇನೆಯಲ್ಲದವರೂ ಬಳಸುತ್ತಾರೆ. ಪರಿಹಾರಸಂಸ್ಥೆಗಳೂ ರಾಜತಾಂತ್ರಿಕ ಕಚೇರಿಗಳೂ ಅದೇ ಯಂತ್ರಗಳನ್ನು ಕೊಳ್ಳುತ್ತವೆ. ಆದುದರಿಂದ ‘ಇದು ಇಂತಹ ಮಾನಕದ ಸಂಕೇತ’ ಎಂಬ ನಿರ್ಣಯವೇ ಬೇರೆ, ‘ಇದು ಇಂತಹ ಸೇನೆಯದು’ ಎಂಬ ನಿರ್ಣಯವೇ ಬೇರೆ. ಮೊದಲನೆಯದಕ್ಕೆ ಅಳತೆ ಸಾಕು. ಎರಡನೆಯದಕ್ಕೆ ಆವರ್ತನ, ವೇಳೆ, ದಿಕ್ಕು, ವಿಳಾಸ ಇವೆಲ್ಲದರ ಒಮ್ಮತ ಬೇಕು. ನಾಗರಲಿಪಿಯಲ್ಲಿರುವ ಶಾಸನವೆಲ್ಲ ಒಂದೇ ಮನೆತನದ್ದಲ್ಲವಷ್ಟೆ!

ಕಾನೂನಿನ ಎಲ್ಲೆಯನ್ನೂ ಮರೆಯಬಾರದು. ೧೮೮೫ರ ತಂತಿ ಅಧಿನಿಯಮ, ೧೯೩೩ರ ನಿಸ್ತಂತು ಅಧಿನಿಯಮಗಳ ಸ್ಥಾನದಲ್ಲಿ ೨೦೨೩ರಲ್ಲಿ ದೂರಸಂಪರ್ಕ ಅಧಿನಿಯಮವು ರಚಿತವಾಗಿದೆ. ೧೯೨೩ರ ಅಧಿಕೃತ ರಹಸ್ಯಗಳ ಅಧಿನಿಯಮವೂ ಇದೆ. ಸಂಕೇತದ ಹೊರರೂಪವನ್ನು ಶಾಸ್ತ್ರೀಯವಾಗಿ ತಿಳಿಯುವುದಕ್ಕೂ, ತನಗಲ್ಲದ ಸಂದೇಶದ ಒಳಗನ್ನು ಬಿಡಿಸಿ ಹಂಚುವುದಕ್ಕೂ ಅಂತರವಿದೆ. ಅಧ್ಯಾಪಕರು ವಿದ್ಯಾರ್ಥಿಗಳಿಗೆ ಈ ಅಂತರವನ್ನು ಮೊದಲೇ ತಿಳಿಸುವುದು ಲೇಸು.

೮

ಕಡೆಯದಾಗಿ ಒಂದು ನಿವೇದನೆ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ‘ಆಕಾಶವಾಣಿ’ಯ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು, ಅದು ಸರಿಯೇ. ಸೇನೆಗೆ ರೇಡಿಯೋ ಉಪಕರಣಗಳನ್ನು ತಯಾರಿಸಲು ೧೯೫೪ರಲ್ಲಿ ಸ್ಥಾಪಿತವಾಗಿ ಜಾಲಹಳ್ಳಿಯಲ್ಲಿ ಬೆಳೆದ ಭಾರತ್ ಎಲೆಕ್ಟ್ರಾನಿಕ್ಸ್‌ನ ಕಥೆಯೂ ಅಷ್ಟಿಷ್ಟು ಗೊತ್ತು. ಈ ಎರಡರ ನಡುವಿನ ಕೊಂಡಿಯಾದ ಯುದ್ಧಕಾಲದ ಆಲಿಕೆಯ ಕೇಂದ್ರ ಮಾತ್ರ ಮರೆವಿಗೆ ಸಂದಿದೆ. ಮಾತನಾಡಿದ ರೇಡಿಯೋ ಇತಿಹಾಸಕ್ಕೆ ಸೇರಿತು. ಆಲಿಸಿದ ರೇಡಿಯೋ ಸೇರಲಿಲ್ಲ.

ಇದಕ್ಕೆ ಕಾರಣ ಸ್ಪಷ್ಟ. ಅಲ್ಲಿ ದುಡಿದವರು ಮೌನದ ಪ್ರತಿಜ್ಞೆಗೆ ಬದ್ಧರಾಗಿದ್ದರು. ೧೯೭೪ರಲ್ಲಿ ವಿಂಟರ್‌ಬಾಥಮ್‌ನ ಗ್ರಂಥ ಬರುವವರೆಗೆ ಬ್ರಿಟನ್ನಿನಲ್ಲಿಯೂ ಗೂಢಲಿಪಿಭೇದನದ ಮಹಾಕಾರ್ಯವನ್ನು ಬಹಿರಂಗವಾಗಿ ಎತ್ತುವಂತಿರಲಿಲ್ಲ. ಭಾರತದ ಕೇಂದ್ರದಲ್ಲಿ ಕೆಲಸ ಮಾಡಿದ ಅಲನ್ ಸ್ಟ್ರಿಪ್ ತನ್ನ ಅನುಭವವನ್ನು ಪ್ರಕಟಿಸಿದುದು ೧೯೮೯ರಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ದಾಖಲೆಭಂಡಾರಕ್ಕೆ ಈ ವರ್ಗದ ಕಡತಗಳು ಸೇರಿದುದು ಆಮೇಲಿನ ಮಾತು. ಅಷ್ಟರಲ್ಲಿ ಇಲ್ಲಿಯ ಸಾಕ್ಷಿಗಳು ವೃದ್ಧರಾಗಿದ್ದರು. ಇಂದು ಅವರಲ್ಲಿ ಉಳಿದಿರುವವರು ಅತಿವಿರಳ.

ಆದರೂ ಎಲ್ಲವೂ ಅಳಿದಿಲ್ಲ. ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರುಗಳಲ್ಲಿ ವಿಚಾರಿಸಿದರೆ, ಸಿಗ್ನಲ್ ದಳದಲ್ಲಿ ಸೇವೆ ಸಲ್ಲಿಸಿದವರ ಬಿಡುಗಡೆಯ ಪತ್ರ, ಹಳೆಯ ರೇಡಿಯೋ ಪರವಾನಗಿಯ ಪುಸ್ತಕ, ದಂಡಿನಿಂದ ಬಂದ ಕಾಗದ, ಮನೆಯವರ ನೆನಪಿನಲ್ಲಿ ನಿಂತ ಒಂದು ಮಾತು ಇಂತಹವು ಸಿಕ್ಕಾವು. ಒಂದೊಂದೂ ಅಲ್ಪವೇ, ಒಮ್ಮುಖವಾದಾಗ ಪ್ರಮಾಣ. ಮೂರನೆಯ ಗುಂಪಿನ ಮೊದಲಂಕಿಯೂ ಅಲ್ಪವೇ ಆಗಿತ್ತು. ತೇದಿಯಿಲ್ಲದ ಕಿಗ್ಗದ ಕಲ್ಲನ್ನು ಅದರ ಕಾಲದಲ್ಲಿ ನಿಲ್ಲಿಸಿದ ಶ್ರದ್ಧೆಯಿಂದಲೇ, ಹೆಸರನ್ನು ಮರೆಸಿಕೊಂಡು ದುಡಿದ ಆ ಬೆಂಗಳೂರಿನ ಕೇಂದ್ರವನ್ನೂ ಅದರ ಸ್ಥಾನದಲ್ಲಿ ನಿಲ್ಲಿಸುವ ಕೆಲಸ ನಮ್ಮ ಮುಂದಿದೆ.